ನೀಲಿ ಬಣ್ಣದ ಪರೀಕ್ಷೆ

“ಅಪ್ಪಾವರೇ, ಪ್ರತಿ ವರ್ಷ ಹುಡುಕಿ ಹುಡುಕಿ ಚುರುಕಾದವರನ್ನೇ ಆರಿಸುತ್ತೇನೆ. ಆದರೂ ರೋಗಿ ಕರೆದಾಗ ಎದ್ದು ಹೋಗುವವರು ಅವರಲ್ಲಿ ಒಬ್ಬರೂ ಇಲ್ಲ. ಯಾಕೆ ಹೀಗೆ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಚನ್ನವೀರ. ಮಠಕ್ಕೆ ಸೇರಿದ ಆರೈಕೆಯ ಮನೆಯನ್ನು ಅವನು ನೋಡಿಕೊಳ್ಳುತ್ತಿದ್ದ. ಹಾಸಿಗೆ ಹಿಡಿದವರು ಅಲ್ಲಿಗೆ ಬರುತ್ತಿದ್ದರು. ಅವರ ಸೇವೆ ಮಾಡುತ್ತೇವೆ ಎಂದು ಹಳ್ಳಿಗಳಿಂದ ಯುವಕ ಯುವತಿಯರೂ ಬರುತ್ತಿದ್ದರು. ಚನ್ನವೀರ ಅವರನ್ನು ಸಾಲಾಗಿ ಕೂರಿಸಿ ಪ್ರಶ್ನೆ ಕೇಳುತ್ತಿದ್ದ. ಥಟ್ಟನೆ ಉತ್ತರ ಕೊಟ್ಟವರನ್ನು ಸೇರಿಸಿಕೊಳ್ಳುತ್ತಿದ್ದ, ತಡವರಿಸಿದವರನ್ನು ಹಿಂದಕ್ಕೆ ಕಳಿಸುತ್ತಿದ್ದ.

ಹಿಂದಿನ ದಿನ ಒಬ್ಬ ಹೆಂಗಸು ನೀರು ನೀರು ಎಂದು ಕೂಗಿದ್ದಳು. ಅಂಥ ರೋಗಿಗೆ ಎಷ್ಟು ನೀರು ಕೊಡಬೇಕು, ಹೇಗೆ ತಲೆಯೆತ್ತಿ ಕುಡಿಸಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಬಾಯಿಪಾಠವಾಗಿತ್ತು. ನೀರು ಕೊಟ್ಟವರು ಯಾರೂ ಇಲ್ಲ. ಕೊನೆಗೆ ಚನ್ನವೀರನೇ ಲೋಟ ಹಿಡಿದು ಓಡಿದ್ದ.

ಗುರುಗಳು ಕಾವಿ ಉಡುವ ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಅವರ ಕತೆಗಳಲ್ಲಿ ರಾಜರೂ ಇರುತ್ತಿರಲಿಲ್ಲ, ಮಾತಾಡುವ ನರಿಗಳೂ ಇರುತ್ತಿರಲಿಲ್ಲ.

“ಕೂತುಕೋ,” ಎಂದರು. ಚನ್ನವೀರ ಕೂತ. ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಹೆಂಗಸರೇ ಕೂಡಿ ಕಟ್ಟಿದ ಡೇರಿ ಇತ್ತು. ಸುತ್ತಲಿನ ಹಳ್ಳಿಗಳ ಹೆಂಗಸರು ಅಲ್ಲಿಗೆ ಹಾಲು ಹಾಕುತ್ತಿದ್ದರು. ಡೇರಿಯವರು ಹಾಲು ಒಡೆಸಿ ಪನೀರು ಮಾಡುತ್ತಿದ್ದರು. ಪನೀರು ಪೇಟೆಗೆ ಹೋಗುತ್ತಿತ್ತು. ಒಡೆದ ಹಾಲಿನ ನೀರು ಹಳ್ಳಕ್ಕೆ ಹೋಗುತ್ತಿತ್ತು.

ಆ ನೀರಿನಲ್ಲಿ ಹಾಲಿನ ಸಕ್ಕರೆ ಉಳಿದಿರುತ್ತದೆ. ಡೇರಿ ಸಣ್ಣದಿದ್ದಾಗ ಹಳ್ಳ ಅದನ್ನು ತಾಳಿಕೊಂಡಿತು. ಡೇರಿ ಬೆಳೆಯಿತು. ನೀರು ಹೆಚ್ಚಾಯಿತು. ಹಳ್ಳ ಹುಳಿತು ನಾರತೊಡಗಿತು. ಮೀನುಗಳು ಸತ್ತು ತೇಲಿದವು. ಕೆಳಗಿನ ಊರಿನವರು ದೂರು ಕೊಟ್ಟರು. ಅಧಿಕಾರಿಗಳು ಬಂದು ಮೂಗು ಮುಚ್ಚಿಕೊಂಡು ನೋಡಿದರು. “ಮಳೆಗಾಲ ಹಿಡಿಯುವುದರೊಳಗೆ ಈ ನೀರಿಗೊಂದು ದಾರಿ ಮಾಡಿ. ಇಲ್ಲವಾದರೆ ಬಾಗಿಲಿಗೆ ಬೀಗ ಬೀಳುತ್ತದೆ,” ಎಂದು ಹೇಳಿ ಹೋದರು.

ಕೆಳಗಿನ ಊರಿನವರ ಮಾತಿನಲ್ಲಿ ಸುಳ್ಳಿರಲಿಲ್ಲ. ಡೇರಿಗೆ ಬೀಗ ಬಿದ್ದರೆ ಅಷ್ಟೂ ಹಳ್ಳಿಗಳ ಒಲೆ ಆರುತ್ತದೆ ಎಂಬುದೂ ಸುಳ್ಳಾಗಿರಲಿಲ್ಲ. ಡೇರಿಯ ಅಧ್ಯಕ್ಷೆ ಫಕೀರವ್ವ. ಒಂದೇ ಎಮ್ಮೆಯಿಂದ ಆರಂಭಿಸಿ ಡೇರಿ ಕಟ್ಟಿದವಳು. ಅವಳು ಯಾರನ್ನೂ ಬೈಯಲಿಲ್ಲ. ಒಡೆದ ಹಾಲಿನ ನೀರನ್ನು ಒಂದು ಕ್ಯಾನಿನಲ್ಲಿ ತುಂಬಿಕೊಂಡು ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೋದಳು.

ಅಲ್ಲಿ ಒಬ್ಬ ವಿಜ್ಞಾನಿ ಇದ್ದಳು. ಹೆಸರು ಮಂದಾಕಿನಿ. ಕಿಣ್ವಗಳನ್ನು ತಿದ್ದುವುದು ಅವಳ ಕೆಲಸ.

ಕಿಣ್ವ ಎಂದರೆ ಕಣ್ಣಿಗೆ ಕಾಣದ ಕೆಲಸಗಾರ. ಹಿಟ್ಟು ಹುದುಗುವುದು ಕಿಣ್ವದಿಂದ. ಉಂಡ ಅನ್ನ ಕರಗುವುದು ಕಿಣ್ವದಿಂದ. ಕಾಡಿನಲ್ಲಿ ಬಿದ್ದ ಮರ ಮಣ್ಣಾಗುವುದೂ ಕಿಣ್ವದಿಂದ. ಮಂದಾಕಿನಿಯ ಬಳಿ ಕೊಳೆತ ಮರದ ಅಣಬೆಯಿಂದ ತೆಗೆದ ಒಂದು ಕಿಣ್ವ ಇತ್ತು. ಅದು ಹಾಲಿನ ಸಕ್ಕರೆಯನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತಿತ್ತು. ಆ ವಸ್ತು ಔಷಧ ಮಾಡುವವರಿಗೆ ಬೇಕಾದದ್ದು. ಮಾರ್ಪಡಿಸುವಾಗ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು, ಅಂದರೆ ವಿದ್ಯುತ್ತಿನ ಕಣಗಳನ್ನು, ಕಿತ್ತುಕೊಳ್ಳುತ್ತಿತ್ತು. ಆ ಕಣಗಳನ್ನು ತಂತಿಗೆ ಹರಿಸಿದರೆ ಅದೇ ಕರೆಂಟು. ಹಾಗೆ ಹರಿಸುವ ಪೆಟ್ಟಿಗೆಗೆ ಇಂಧನಕೋಶ ಎನ್ನುತ್ತಾರೆ. ಹಳ್ಳವೂ ಉಳಿಯುತ್ತದೆ, ಡೇರಿಯ ಮೋಟಾರೂ ತಿರುಗುತ್ತದೆ. ಮಂದಾಕಿನಿ ಇದನ್ನೇ ಕನಸು ಕಾಣುತ್ತಿದ್ದಳು.

ಫಕೀರವ್ವ ಕ್ಯಾನನ್ನು ಮೇಜಿನ ಮೇಲೆ ಇಟ್ಟಳು.

“ಅಕ್ಕಾರ, ಈ ನೀರಿಲೆ ದೀಪ ಹತ್ತಸ್ತೀರಿ ಅಂತ ಮಂದಿ ಹೇಳ್ತಾರ. ಖರೇ ಏನ್ರಿ?”

“ಖಂಡಿತ ಹತ್ತಿಸುತ್ತೇನೆ,” ಎಂದಳು ಮಂದಾಕಿನಿ. “ನನ್ನ ಕಿಣ್ವ ಇನ್ನೊಂದಿಷ್ಟು ಚುರುಕಾಗಬೇಕು. ಅಷ್ಟೇ.”

ಆ ದಿನದಿಂದ ಅವಳಿಗೆ ಹಸಿವು ಬಾಯಾರಿಕೆಗಳ ಪರಿವೆ ಇರಲಿಲ್ಲ.

ಕಿಣ್ವವನ್ನು ಉಳಿ ಹಿಡಿದು ಕೆತ್ತಲಾಗುವುದಿಲ್ಲ. ಅದನ್ನು ಮಾಡುವ ವಿಧಾನ, ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸಿಕೊಡುವ ಸೂಕ್ಷ್ಮಜೀವಿಯ ಒಡಲಲ್ಲಿ ಬರೆದಿರುತ್ತದೆ. ಆ ಬರಹದಲ್ಲಿ ಒಂದೊಂದು ಅಕ್ಷರ ಅಲ್ಲಲ್ಲಿ ತಪ್ಪುವಂತೆ ಮಾಡಬೇಕು. ಆಗ ಒಂದೇ ತಾಯಿಯ ಹೊಟ್ಟೆಯಲ್ಲಿ ಸಾವಿರ ಬಗೆಯ ಮಕ್ಕಳು ಹುಟ್ಟುತ್ತಾರೆ. ಒಂದು ಬಿಸಿ ತಾಳುತ್ತದೆ, ಒಂದು ಹುಳಿ ತಾಳುತ್ತದೆ, ಹೆಚ್ಚಿನವು ಏನಕ್ಕೂ ಬಾರವು. ಅವುಗಳಲ್ಲಿ ಒಳ್ಳೆಯದನ್ನು ಆರಿಸಬೇಕು. ಅದರಿಂದ ಮತ್ತೆ ಸಾವಿರ ಮಕ್ಕಳನ್ನು ಪಡೆಯಬೇಕು. ಮತ್ತೆ ಆರಿಸಬೇಕು. ಕಾಡು ಯುಗಯುಗಗಳಲ್ಲಿ ಮಾಡುವುದನ್ನು ಅವಳು ತಿಂಗಳುಗಳಲ್ಲಿ ಮಾಡಿಸುತ್ತಿದ್ದಳು.

ಒಳ್ಳೆಯದು ಯಾವುದು ಎಂದು ತಿಳಿಯುವುದು ಹೇಗೆ? ಅದಕ್ಕೆ ಅವಳ ಬಳಿ ಒಂದು ನೀಲಿ ಬಣ್ಣ ಇತ್ತು. ಒಂದೊಂದು ಕಿಣ್ವವನ್ನು ಸಕ್ಕರೆ ಬೆರೆತ ಬಿಸಿ ಹುಳಿ ನೀರಿನ ಒಂದೊಂದು ಗಾಜಿನ ಕೊಳವೆಗೆ ಸೇರಿಸಿ, ಪ್ರತಿ ಕೊಳವೆಗೂ ಒಂದು ಹನಿ ಬಣ್ಣ ಹಾಕುತ್ತಿದ್ದಳು. ಕಿಣ್ವ ಕಿತ್ತುಕೊಂಡ ಎಲೆಕ್ಟ್ರಾನು ಬಣ್ಣಕ್ಕೆ ಸೇರಿದರೆ ನೀಲಿ ಮಾಯವಾಗುತ್ತದೆ. ಯಾವ ಕೊಳವೆಯಲ್ಲಿ ಎಲ್ಲಕ್ಕಿಂತ ಬೇಗ ನೀಲಿ ಅಳಿಯುತ್ತದೆಯೋ ಅದು ಗೆದ್ದಂತೆ. ಉಳಿದವುಗಳನ್ನು ಡಬ್ಬಿಗೆ ತುಂಬಿ, ‘ಕೆಲಸಕ್ಕೆ ಬಾರದವು’ ಎಂದು ಚೀಟಿ ಅಂಟಿಸಿ, ಮಂಜಿನ ಪೆಟ್ಟಿಗೆಯ ತಳಕ್ಕೆ ತಳ್ಳುತ್ತಿದ್ದಳು.

ಆಹಾ, ಆ ನೀಲಿ ಅಳಿಯುವುದನ್ನು ನೋಡಬೇಕಿತ್ತು! ಮೊದಲ ತಲೆಮಾರಿನಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಆಮೇಲೆ ಒಂದು ಮಾತು ಆಡಿ ಮುಗಿಸುವಷ್ಟು. ಆಮೇಲೆ ಕಣ್ಣು ಮಿಟುಕಿಸುವಷ್ಟು. ಬಣ್ಣ ಹಾಕಿದ ಕೈ ಇನ್ನೂ ಮೇಲಿರುವಾಗಲೇ ಕೊಳವೆಯ ನೀರು ತಿಳಿಯಾಗಿಬಿಡುತ್ತಿತ್ತು. ಮಂದಾಕಿನಿ ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಪಂಡಿತರ ಸಭೆಯಲ್ಲಿ ಆ ಕೊಳವೆಯನ್ನು ತೋರಿಸಿದಾಗ ಸಭೆಗೆ ಸಭೆಯೇ ಎದ್ದು ನಿಂತಿತು. ಇಷ್ಟು ಚುರುಕಾದ ಕಿಣ್ವವನ್ನು ನಾವು ಕಂಡಿಲ್ಲ ಎಂದು ಹಿರಿಯರು ಹೊಗಳಿದರು.

ಇಂಧನಕೋಶ ಮಾಡುವವನು ಇನ್ನೊಂದು ಊರಿನಲ್ಲಿದ್ದ. ಹೆಸರು ದಸ್ತಗೀರ. ಇಂಗಾಲದ ಹಾಳೆಗಳನ್ನು ಜೋಡಿಸಿ ಪೆಟ್ಟಿಗೆ ಕಟ್ಟುವುದರಲ್ಲಿ ಪಳಗಿದ ಕೈ. ಮಂದಾಕಿನಿ ಕಿಣ್ವವನ್ನು ಸೀಸೆಯಲ್ಲಿ ತುಂಬಿ ಅವನಿಗೆ ಕಳಿಸಿಕೊಟ್ಟಳು. ಆಮೇಲೆ ಫೋನಿನ ಪಕ್ಕದಲ್ಲೇ ಕೂತಳು.

ಫೋನು ಬಂತು. “ಮೇಡಂ, ದೀಪ ಹತ್ತವಲ್ದು,” ಎಂದ ದಸ್ತಗೀರ.

ಇನ್ನೂ ಚುರುಕಾದದ್ದನ್ನು ಮಾಡಿ ಕಳಿಸಿದಳು. ಅದಕ್ಕೂ ಹತ್ತಲಿಲ್ಲ. ಅದಕ್ಕಿಂತ ಚುರುಕಾದದ್ದನ್ನು ಕಳಿಸಿದಳು. ದಸ್ತಗೀರ ಫೋನಿನಲ್ಲಿ, “ಸಿಟ್ಟಾಗಬ್ಯಾಡ್ರಿ. ಮೊದಲ ಸಲ ಕಳಿಸಿದ್ದರಲ್ಲಿ ಮೀಟರಿನ ಮುಳ್ಳು ಸ್ವಲ್ಪನಾದರೂ ಅಲುಗಾಡಿತ್ತು. ಈಗಿನದರಲ್ಲಿ ಅದೂ ಇಲ್ಲ,” ಎಂದ.

ಮಂದಾಕಿನಿಗೆ ಸಿಟ್ಟು ಬಂದೇ ಬಂತು. ಲೋಕ ಎದ್ದು ನಿಂತು ಒಪ್ಪಿದ ಕಿಣ್ವ ಇದು. ದೋಷ ಪೆಟ್ಟಿಗೆಯಲ್ಲೇ ಇರಬೇಕು ಎಂದಳು. ಇರಬಹುದು, ಬಂದು ನೋಡಿ ಎಂದ ದಸ್ತಗೀರ. ಅವಳು ಹೋಗಲಿಲ್ಲ. ಕಿಣ್ವವನ್ನು ಮತ್ತೊಂದು ತಲೆಮಾರು ಚುರುಕು ಮಾಡಲು ಕೂತಳು. ಹೊಸ ತಲೆಮಾರಿಗೆ ಜಾಗ ಬೇಕಿತ್ತು. ಹಳೆಯ ಡಬ್ಬಿಗಳನ್ನೆಲ್ಲ ತೆಗೆದು ಹಬೆಯ ಯಂತ್ರದ ಕೋಣೆಗೆ ಕಳಿಸುವಂತೆ ಹೇಳಿದಳು. ಬೇಡದ ಸೂಕ್ಷ್ಮಜೀವಿಗಳನ್ನು ಹಬೆಯಲ್ಲಿ ಬೇಯಿಸಿ ಕೊಂದೇ ಎಸೆಯಬೇಕು. ಅದು ಪ್ರಯೋಗಶಾಲೆಯ ನಿಯಮ.

ಅಷ್ಟರಲ್ಲಿ ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತು. ಫಕೀರವ್ವ ಮತ್ತೆ ಬಂದಳು. ಈ ಸಲ ಕ್ಯಾನು ತಂದಿರಲಿಲ್ಲ. ಕೂರಲೂ ಇಲ್ಲ. “ಸಾಹೇಬ್ರು ಬೀಗಾ ತಂದು ತೋರಿಸಿ ಹ್ವಾದ್ರಿ ಅಕ್ಕಾರ. ಹೆಣ್ಣಮಕ್ಕಳಿಗೆ ನಾ ಏನಂತ ಹೇಳ್ಲಿ?” ಎಂದಳು.

ಮಂದಾಕಿನಿ ಆ ಮುಖ ನೋಡಿದಳು. ಮರುದಿನ ಬೆಳಗಿನ ಬಸ್ಸು ಹಿಡಿದು ದಸ್ತಗೀರನ ಊರಿಗೆ ಹೋದಳು.

ದಸ್ತಗೀರ ಜಗಳದ ಮಾತು ಎತ್ತಲಿಲ್ಲ. ಅವಳ ಕಣ್ಣೆದುರೇ ಇಂಗಾಲದ ಹಾಳೆಯ ಮೇಲೆ ಕಿಣ್ವವನ್ನು ಬಳಿದ. ಹಾಳೆಯನ್ನು ಒಡೆದ ಹಾಲಿನ ನೀರಿನಲ್ಲಿ ಮುಳುಗಿಸಿದ. ತಂತಿ ಸಿಕ್ಕಿಸಿದ. ವಿದ್ಯುತ್ತು ಅಳೆಯುವ ಮುಳ್ಳು ಇದ್ದಲ್ಲೇ ಇತ್ತು. ಮಂದಾಕಿನಿ ಬಗ್ಗಿ ನೋಡಿದಳು. ಹಾಳೆ ಚೊಕ್ಕಟವಾಗಿತ್ತು. ತಂತಿ ಗಟ್ಟಿಯಾಗಿತ್ತು. ತಪ್ಪು ಹುಡುಕಲು ಎಲ್ಲಿಯೂ ಜಾಗ ಇರಲಿಲ್ಲ.

“ಕಿಣ್ವ ದಾರಿಯಲ್ಲಿ ಸತ್ತಿರಬೇಕು,” ಎಂದಳು. ಅದು ಬದುಕಿದೆಯೋ ಇಲ್ಲವೋ ನೋಡೋಣ ಎಂದು ಚೀಲದಿಂದ ನೀಲಿ ಬಣ್ಣದ ಸೀಸೆ ತೆಗೆದಳು. ಅದೇ ನೀರಿಗೆ ಒಂದು ಹನಿ ಹಾಕಿದಳು.

ಮುಳ್ಳು ನೆಗೆಯಿತು.

ಮಲಗಿದ್ದ ಹಾವು ತುಳಿದರೆ ಹೆಡೆಯೆತ್ತುವಂತೆ ನೆಗೆಯಿತು. ದಸ್ತಗೀರ ಎದ್ದು ನಿಂತ. ಮಂದಾಕಿನಿ ಮುಳ್ಳಿನ ಮೇಲೆ ಬಗ್ಗಿದಳು. ಕಿಣ್ವ ಸತ್ತಿಲ್ಲ. ಅದರ ಒಡಲಲ್ಲಿ ಎಲೆಕ್ಟ್ರಾನುಗಳು ತುಂಬಿ ತುಳುಕುತ್ತಿವೆ. ಬಣ್ಣ ಬಂದೊಡನೆ ಅವು ಇಂಗಾಲವನ್ನು ತಲುಪಿದವು. ಬಣ್ಣ ಇಲ್ಲದಾಗ ತಲುಪಲಿಲ್ಲ. ಹಾಗಾದರೆ ಬಣ್ಣ ಮಾಡಿದ್ದೇನು?

“ಈ ಬಣ್ಣಾನೇ ಹಾಕಿಬಿಡೋಣ ಮೇಡಂ!” ಎಂದ ದಸ್ತಗೀರ.

“ಅದು ವಿಷ. ಹಳ್ಳ ಉಳಿಸಲು ಹೋಗಿ ವಿಷ ಹಾಕುವುದೇ? ಸ್ವಲ್ಪ ತಾಳಿ,” ಎಂದಳು ಮಂದಾಕಿನಿ. ಕಿಟಕಿಯವರೆಗೆ ಹೋದಳು. ತಿರುಗಿ ಬಂದಳು. ಮತ್ತೆ ಹೋದಳು.

ಆ ಕಿಣ್ವಕ್ಕೆ ಎರಡು ಭಾಗ ಇವೆ. ಒಂದು ಒಡಲು. ಸಕ್ಕರೆಯಿಂದ ಎಲೆಕ್ಟ್ರಾನು ಕೀಳುವುದು ಅಲ್ಲಿ, ಆಳದ ಒಂದು ಗುಳಿಯಲ್ಲಿ. ಇನ್ನೊಂದು ಕೈ. ಸಡಿಲವಾದ ಹಗ್ಗದ ತುದಿಗೆ ಕಟ್ಟಿದಂತೆ ಅದು ಅತ್ತಿತ್ತ ತೂಗಾಡುತ್ತದೆ. ಒಡಲಿನಿಂದ ಎಲೆಕ್ಟ್ರಾನು ಪಡೆದು ಹೊರಗೆ ಚಾಚಿ ಕೊಡುವುದು ಅದರ ಕೆಲಸ. ಕಾಡಿನಲ್ಲಿ, ಕೊಳೆಯುವ ಮರದೊಳಗೆ, ಆ ಕೈ ಇಲ್ಲದಿದ್ದರೆ ನಡೆಯುವುದಿಲ್ಲ.

ಆದರೆ ಬಣ್ಣದ ಕಣ ಬಹಳ ಸಣ್ಣದು. ಅದು ತಾನೇ ಗುಳಿಯೊಳಗೆ ಇಳಿಯುತ್ತದೆ. ತನಗೆ ಬೇಕಾದದ್ದನ್ನು ತಾನೇ ತೆಗೆದುಕೊಂಡು ಹೊರಗೆ ಬರುತ್ತದೆ, ಇಂಗಾಲ ಸಿಕ್ಕರೆ ಅದಕ್ಕೆ ಕೊಟ್ಟುಬಿಡುತ್ತದೆ. ಅದಕ್ಕೆ ಕಿಣ್ವ ಕೈ ಚಾಚಬೇಕಾಗಿಲ್ಲ. ಇಂಗಾಲದ ಹಾಳೆ ಹಾಗಲ್ಲ. ಅದು ಬಿದ್ದಲ್ಲೇ ಬಿದ್ದಿರುತ್ತದೆ. ಅದಕ್ಕೆ ಒಳಗೆ ಹೋಗಲು ಬಾರದು. ಯಾರಾದರೂ ಅದರವರೆಗೆ ಬಂದು ಕೊಡಬೇಕು.

ಮಂದಾಕಿನಿ ತಲೆಮಾರಿನ ಮೇಲೆ ತಲೆಮಾರು ಬಣ್ಣವನ್ನೇ ಕೇಳಿ ಆರಿಸಿದ್ದಳು. ಬಣ್ಣ ಕೈಯನ್ನು ಕೇಳಲೇ ಇಲ್ಲ. ಕೇಳದ ಕೈಯನ್ನು ಕಿಣ್ವ ಯಾಕೆ ಚಾಚೀತು? ಪ್ರತಿ ತಲೆಮಾರಿನಲ್ಲೂ ಒಂದಿಷ್ಟು ಮಡಚಿಕೊಂಡಿತು. ಕೈ ಮಡಚಿದಷ್ಟೂ ಗುಳಿಯ ಬಾಯಿ ತೆರೆಯಿತು. ಬಣ್ಣ ಇನ್ನೂ ಸಲೀಸಾಗಿ ಒಳಗೆ ಹೋಗಿ ಬಂತು. ಅವಳು ಅದನ್ನೇ ಚುರುಕು ಎಂದು ಕುಣಿದಳು. ಲೋಕ ಚಪ್ಪಾಳೆ ತಟ್ಟಿತು.

ಇದು ಹೊಳೆದ ಗಳಿಗೆಯಲ್ಲಿ ಮಂದಾಕಿನಿ ಗಟ್ಟಿಯಾಗಿ ನಕ್ಕಳು. ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಆದರೂ ನಗು ತಡೆಯಲಾಗಲಿಲ್ಲ. ಗೋಡೆ ಎಂದುಕೊಂಡು ತಲೆ ಚಚ್ಚಿಕೊಂಡವಳಿಗೆ ಅದು ಬಾಗಿಲು ಎಂದು ಗೊತ್ತಾದರೆ ಹೇಗಾಗಬೇಡ!

“ಕೆಟ್ಟದ್ದು ಪೆಟ್ಟಿಗೆ ಅಲ್ಲ ದಸ್ತಗೀರ. ಕಿಣ್ವವೂ ಅಲ್ಲ. ನನ್ನ ಪರೀಕ್ಷೆ!” ಎಂದಳು.

ದಸ್ತಗೀರ ಮುಖ ಅರಳಿಸಿದ. “ಹಂಗಾದ್ರ ಕೈ ಚಾಚೋದು ಎಲ್ಲಿ ಸಿಗತೈತ್ರಿ?”

ಆ ಪ್ರಶ್ನೆಗೆ ಅವಳ ನಗು ನಿಂತಿತು. ಕಾಡಿನ ಮೂಲ ಕಿಣ್ವಕ್ಕೆ ಕೈ ಇದೆ. ಆದರೆ ಡೇರಿಯ ಬಿಸಿ ಹುಳಿ ನೀರಿನಲ್ಲಿ ಅದು ಒಂದು ಗಳಿಗೆಯೂ ಬಾಳುವುದಿಲ್ಲ. ಈಗಿನ ತಲೆಮಾರು ಬಿಸಿಯನ್ನೂ ಹುಳಿಯನ್ನೂ ತಾಳುತ್ತದೆ. ಅದಕ್ಕೆ ಕೈ ಇಲ್ಲ. ಎರಡೂ ಇರುವವು ಎಲ್ಲಾದರೂ ಇದ್ದರೆ ನಡುವಿನ ತಲೆಮಾರುಗಳಲ್ಲಿ ಇರಬೇಕು. ನೀಲಿ ಬಣ್ಣಕ್ಕೆ ನಿಧಾನವಾಗಿ ಕೊಟ್ಟು ಸೋತವುಗಳಲ್ಲಿ ಇರಬೇಕು.

ಆ ಡಬ್ಬಿಗಳು ಹಬೆಯ ಕೋಣೆಗೆ ಹೋಗಿದ್ದವು.

ಮಂದಾಕಿನಿ ಪ್ರಯೋಗಶಾಲೆಗೆ ಫೋನು ಮಾಡಿದಳು. ಗಂಟೆ ಹೊಡೆಯಿತು. ಯಾರೂ ಎತ್ತಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ನಿಲ್ದಾಣಕ್ಕೆ ಓಡಿದಳು. ಹೊರಟ ಬಸ್ಸನ್ನು ಕೈ ಬೀಸಿ ನಿಲ್ಲಿಸಿ ಹತ್ತಿದಳು. ದಸ್ತಗೀರ ಪೆಟ್ಟಿಗೆ, ತಂತಿ, ಇಂಗಾಲದ ಹಾಳೆಗಳನ್ನು ಎದೆಗವುಚಿಕೊಂಡು ಅವಳ ಹಿಂದೆಯೇ ಹತ್ತಿದ. ದಾರಿಯುದ್ದಕ್ಕೂ ಅವಳು ಮತ್ತೆ ಮತ್ತೆ ಫೋನು ಮಾಡಿದಳು. ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಒಂದು ಕಡೆ ಕುರಿ ಹಿಂಡು ದಾಟುವವರೆಗೆ ಕಾಯಿತು. ಕುರಿಗಳಿಗೇನು ಅವಸರ? ಮಂದಾಕಿನಿಗೆ ಇಳಿದು ತಾನೇ ಹಿಂಡು ಹೊಡೆಯೋಣ ಎನಿಸಿತು.

ಹಬೆಯ ಕೋಣೆಯ ಬಾಗಿಲು ತೆರೆದಾಗ ಯಂತ್ರ ಸೀಟಿ ಹಾಕುತ್ತಿತ್ತು. ಒಂದು ಸರತಿ ಡಬ್ಬಿಗಳು ಆಗಲೇ ಬೆಂದು ಹೋಗಿದ್ದವು. ಯಂತ್ರ ನೋಡಿಕೊಳ್ಳುವ ನಿಂಗಪ್ಪ ಉಳಿದ ಡಬ್ಬಿಗಳನ್ನು ಎತ್ತಿ ಒಳಗಿಡಲು ಬಗ್ಗಿದ್ದ.

“ನಿಲ್ಲಿಸಪ್ಪಾ!” ಎಂದು ಮಂದಾಕಿನಿ ಕೂಗಿದಳು.

ನಿಂಗಪ್ಪ ಬೆಚ್ಚಿ ಡಬ್ಬಿ ಕೆಳಗಿಟ್ಟ. “ಕೆಲಸಕ್ಕ ಬಾರದವು ಅಂತ ನೀವೇ ಚೀಟಿ ಹಚ್ಚೀರಲ್ರಿ ಮೇಡಂ,” ಎಂದ.

ಅವಳು ಡಬ್ಬಿಗಳ ಮುಂದೆ ನೆಲದ ಮೇಲೆ ಕೂತು ಒಂದೊಂದೇ ಚೀಟಿ ಕಿತ್ತಳು. ಬೆಂದು ಹೋದ ಡಬ್ಬಿಗಳನ್ನು ಒಮ್ಮೆ ನೋಡಿದಳು. ಅವುಗಳಲ್ಲಿ ಏನಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಉಳಿದವುಗಳನ್ನು ಮಡಿಲಲ್ಲಿ ತುಂಬಿಕೊಂಡು ಎದ್ದಳು.

ಮೇಜಿನ ಒಂದು ಕಡೆ ಮಂದಾಕಿನಿ ಕೂತಳು. ಇನ್ನೊಂದು ಕಡೆ ದಸ್ತಗೀರ ಪೆಟ್ಟಿಗೆ ಬಿಚ್ಚಿದ. ಅವಳು ಡಬ್ಬಿಯ ಜೀವಿಗಳಿಗೆ ಉಣಿಸಿ ಬೆಳೆಸಿ ಕಿಣ್ವ ತೆಗೆದುಕೊಟ್ಟಳು. ಅವನು ಅದನ್ನು ನೇರವಾಗಿ ಇಂಗಾಲದ ಮೇಲೆ ಬಳಿದು ಮುಳ್ಳು ನೋಡಿದ. ನೀಲಿ ಬಣ್ಣದ ಸೀಸೆ ಕಪಾಟಿಗೆ ಹೋಗಿತ್ತು.

ಮೊದಲ ಡಬ್ಬಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ದಿನ ಕಳೆಯಿತು. ಗಾಳಿಯಲ್ಲಿ ಮಣ್ಣಿನ ವಾಸನೆ ಬರತೊಡಗಿತು. ಹೊರಗೆ ಗುಡುಗಿದಾಗಲೆಲ್ಲ ಇಬ್ಬರೂ ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದರು. ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ಬೆಂದು ಹೋದವುಗಳಲ್ಲೇ ಅದು ಇತ್ತೋ ಏನೋ ಎಂಬ ಚಿಂತೆ ಇಬ್ಬರಿಗೂ ಇತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ದಸ್ತಗೀರ, “ಮೇಡಂ,” ಎಂದ. ಅವನ ದನಿ ಬೇರೆಯಾಗಿತ್ತು.

ಮುಳ್ಳು ನೆಗೆಯಲಿಲ್ಲ. ನಿಧಾನವಾಗಿ ಏರಿತು. ಏರುತ್ತಲೇ ಹೋಯಿತು. ತಂತಿಯ ತುದಿಯಲ್ಲಿದ್ದ ಕಡಲೆಕಾಳಿನಷ್ಟು ದೀಪ ಮೊದಲು ಕೆಂಡದಂತೆ ಮಸುಕಾಗಿ ಕಂಡಿತು. ಆಮೇಲೆ ಹತ್ತಿತು. ಬಣ್ಣವಿಲ್ಲ, ವಿಷವಿಲ್ಲ. ಹಳ್ಳಕ್ಕೆ ಚೆಲ್ಲುವ ನೀರಿನಲ್ಲಿ ದೀಪ ಉರಿಯುತ್ತಿತ್ತು!

ದಸ್ತಗೀರ ಎರಡೂ ಕೈ ಮೇಲೆತ್ತಿದ. ಮಂದಾಕಿನಿ ತುತ್ತು ಹಿಡಿದ ಕೈಯಲ್ಲೇ ದೀಪವನ್ನು ಮುಟ್ಟಲು ಹೋದಳು. ಆಮೇಲೆ ಅದೇ ಕಿಣ್ವವನ್ನು ಒಂದು ಕೊಳವೆಗೆ ಹಾಕಿ, ನೋಡೋಣ ಎಂದು ನೀಲಿ ಬಣ್ಣದ ಹನಿ ಬಿಟ್ಟಳು. ಊಟ ಮುಗಿಯಿತು. ಚಹಾ ಮುಗಿಯಿತು. ಕೊಳವೆ ಇನ್ನೂ ನೀಲಿಯಾಗಿಯೇ ಇತ್ತು. ಅವಳ ಪರೀಕ್ಷೆಯಲ್ಲಿ ಅದಕ್ಕಿಂತ ಮಂದವಾದದ್ದು ಬೇರೊಂದು ಇರಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಆ ಕಿಣ್ವ ಡೇರಿಯ ಬಿಸಿ ನೀರನ್ನು ಸಂಜೆಯವರೆಗೆ ತಾಳಿತು, ಆಮೇಲೆ ಸೊರಗಿತು. ಅದರಿಂದ ಹೊಸ ಮಕ್ಕಳನ್ನು ಪಡೆದರು. ಈಗ ಆರಿಸಿದ್ದು ಇಂಗಾಲದ ಮೇಲೆ, ಡೇರಿಯದೇ ನೀರಿನಲ್ಲಿ, ಡೇರಿಯದೇ ಬಿಸಿಯಲ್ಲಿ. ಒಂದೊಂದು ತಲೆಮಾರಿಗೂ ಕೈ ಉದ್ದವಾಯಿತು, ಆಯುಷ್ಯವೂ ಉದ್ದವಾಯಿತು. ದೀಪ ಪ್ರಖರವಾಯಿತು. ದೀಪ ತೆಗೆದು ಆಟಿಕೆಯ ಫ್ಯಾನು ಹಚ್ಚಿದರು, ತಿರುಗಿತು. ಫ್ಯಾನು ತೆಗೆದು ಸಣ್ಣ ಮೋಟಾರು ಹಚ್ಚಿದರು, ಅದೂ ತಿರುಗಿತು. ಸುದ್ದಿ ಕೇಳಿ ಪಕ್ಕದ ವಿಭಾಗದವರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ದಸ್ತಗೀರ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ ಕಟ್ಟಿದ.

ಒಂದು ಬೆಳಿಗ್ಗೆ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಡೇರಿಗೆ ಹೊರಟರು. ದಾರಿಯಲ್ಲಿ ಮಳೆಯ ಮೊದಲ ಹನಿಗಳು ಗಾಜಿನ ಮೇಲೆ ಬಿದ್ದವು. ಇವರು ಮುಟ್ಟಿದಾಗ ಅಧಿಕಾರಿಗಳ ಜೀಪು ಆಗಲೇ ಬಂದು ನಿಂತಿತ್ತು. ಒಬ್ಬನ ಕೈಯಲ್ಲಿ ಬೀಗ ಇತ್ತು. ಹಾಲು ಹಾಕಲು ಬಂದ ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದರು. ಫಕೀರವ್ವ ಎಲ್ಲರ ಮುಂದೆ ಇದ್ದಳು.

ಮಂದಾಕಿನಿ ಅಧಿಕಾರಿಗೆ ಕೈ ಮುಗಿದಳು. “ಈ ನೀರು ಈ ಪೆಟ್ಟಿಗೆಗಳನ್ನು ದಾಟುವವರೆಗೆ ನಿಲ್ಲಿ. ಆಮೇಲೆ ನಿಮ್ಮ ಮನಸ್ಸು,” ಎಂದಳು.

ಅವನು ಮಳೆ ನೋಡಿದ, ಹೆಂಗಸರನ್ನು ನೋಡಿದ. ಚಪ್ಪರದ ಕೆಳಗೆ ಹೋಗಿ ನಿಂತ.

ಹಳ್ಳಕ್ಕೆ ಹೋಗುವ ಕೊಳವೆಯನ್ನು ತಿರುಗಿಸಿ ಪೆಟ್ಟಿಗೆಗಳಿಗೆ ಜೋಡಿಸಿದರು. ಪೆಟ್ಟಿಗೆಗಳ ತಂತಿಯನ್ನು ಡೇರಿಯ ಪಂಪಿಗೆ ಸಿಕ್ಕಿಸಿದರು. ಬೆಚ್ಚಗಿನ ಹುಳಿ ನೀರು ಒಳಗೆ ಹರಿಯಿತು. ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಂದಾಕಿನಿ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಆಮೇಲೆ ಪಂಪು ಒಮ್ಮೆ ಗೊರಗುಟ್ಟಿತು. ನಿಂತಿತು. ಮತ್ತೆ ಗೊರಗುಟ್ಟಿತು. ತಿರುಗಿತು. ತಿರುಗಿದ ಪಂಪು ಇನ್ನಷ್ಟು ನೀರನ್ನು ತಾನೇ ಎಳೆದುಕೊಂಡಿತು. ಎಳೆದ ನೀರಿನಿಂದ ಮತ್ತೆ ಬಲ ಪಡೆದು ತಿರುಗಿತು. ಔಷಧದವರಿಗೆ ಬೇಕಾದ ವಸ್ತು ಒಂದು ತೊಟ್ಟಿಗೆ ಇಳಿಯಿತು. ಇನ್ನೊಂದು ಕೊಳವೆಯಿಂದ ವಾಸನೆಯಿಲ್ಲದ ತಿಳಿನೀರು ಬಿತ್ತು.

ಹೆಂಗಸರ ನಡುವಿನಿಂದ ಒಂದು ಕೇಕೆ ಎದ್ದಿತು. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಕೆಳಗಿನ ಊರಿನವರೂ ನೋಡಲು ಬಂದಿದ್ದರು. ಅವರಲ್ಲಿ ಒಬ್ಬ ಬೊಗಸೆಯೊಡ್ಡಿ ಆ ನೀರನ್ನು ಹಿಡಿದು ಮೂಸಿ ನೋಡಿದ, ಪಕ್ಕದವನ ಮೂಗಿಗೂ ಹಿಡಿದ. ಫಕೀರವ್ವ ತಿರುಗುವ ಪಂಪಿನ ಮೇಲೆ ಅಂಗೈ ಇಟ್ಟಳು. ಅದರ ನಡುಕ ಅವಳ ತೋಳಿನವರೆಗೆ ಏರಿತು. “ಉಸರಾಡತೈತಿ!” ಎಂದು ನಕ್ಕಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅಧಿಕಾರಿ ಬೀಗವನ್ನು ಜೀಪಿನೊಳಗೆ ಇಟ್ಟ.

ಅದೇ ವರ್ಷ ಪಿಷ್ಟದ ಕಾರ್ಖಾನೆಯವರು ಬಂದು ಕೇಳಿದರು. ಮಿಠಾಯಿ ಕಾರ್ಖಾನೆಯವರು ಬಂದರು. ಮಂದಾಕಿನಿ ಪ್ರತಿಯೊಬ್ಬರಿಗೂ ಮೊದಲು ಹೇಳುತ್ತಿದ್ದುದು ಒಂದೇ: “ನಿಮ್ಮ ಕೊಳಚೆ ನೀರನ್ನು ತಂದುಕೊಡಿ. ಅದರಲ್ಲಿಯೇ ಹುಡುಕುತ್ತೇನೆ.”

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಕೆಂಪೇರಿತ್ತು. ಅವನಿಗೆ ಕೂತಿರಲು ಆಗಲಿಲ್ಲ.

“ತಿಳಿಯಿತು ಅಪ್ಪಾವರೇ! ನಾನು ಕೇಳಿದ್ದು ಉತ್ತರ, ಸಿಕ್ಕಿದ್ದೂ ಉತ್ತರ. ಇನ್ನು ಮುಂದೆ ಪ್ರಶ್ನೆ ಕೇಳುವುದಿಲ್ಲ. ಬಂದವರನ್ನು ರೋಗಿಗಳ ನಡುವೆ ಬಿಟ್ಟು ನೋಡುತ್ತೇನೆ. ಯಾರು ತಾವಾಗಿ ಎದ್ದು ಹೋಗುತ್ತಾರೋ ಅವರನ್ನೇ ಇರಿಸಿಕೊಳ್ಳುತ್ತೇನೆ. ಮುಂದಿನ ವರ್ಷದಿಂದ ನೋಡಿ, ಆರೈಕೆಯ ಮನೆ ಹೇಗೆ ಬೆಳಗುತ್ತದೆ!”

“ಒಳ್ಳೆಯದು,” ಎಂದರು ಗುರುಗಳು.

ಚನ್ನವೀರ ನಮಸ್ಕರಿಸಿ ಬಾಗಿಲಿನವರೆಗೆ ಹೋದ. ಗುರುಗಳು ಅವನನ್ನು ಹೆಸರು ಹಿಡಿದು ಕರೆದು, ಮೆಲ್ಲಗೆ ಕೇಳಿದರು:

“ಇಷ್ಟು ವರ್ಷ ನೀನು ಹಿಂದಕ್ಕೆ ಕಳಿಸಿದವರ ಊರುಗಳು ನಿನಗೆ ಗೊತ್ತಿವೆಯೇನಪ್ಪಾ?”